ನೆಲ ಬಿಡದ ಯಹೂದಿ ಸಾಧನೆ: ಚಂದ್ರ, ಚಪ್ಪರ, ಮಾದಲ ಹಣ್ಣು

ಅಮೆರಿಕದ ಯಹೂದಿಗಳಲ್ಲಿ ಕಳೆದ ಮೂರ್ನಾಲ್ಕು ದಶಕಗಳಿಂದ ಒಂದು ಕವಲು ಚೆನ್ನಾಗಿ ಚಿಗುರಿದೆ. ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾಮಂದಿರದ, ಬೆಂಚು ಬಿಟ್ಟು ಹೊಲ, ಕಾಡು, ತೊರೆಯ ದಂಡೆಗೆ ಹೋಗಿ ಹಬ್ಬ ಮಾಡುವವರ ಕವಲು ಇದು. 1988ರಲ್ಲಿ ಎಲನ್ ಬರ್ನ್‌ಸ್ಟೀನ್ ಶೋಮ್ರೇ ಅದಾಮಾ ಎಂಬ ಸಂಸ್ಥೆ ಕಟ್ಟಿದರು. ಕನೆಕ್ಟಿಕಟ್‌ನ ಫಾಲ್ಸ್ ವಿಲೇಜ್‌ನಲ್ಲಿ ಅದಾಮಾ ಹೆಸರಿನ ತೋಟ ಬಂತು. 2007ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವೈಲ್ಡರ್ನೆಸ್ ತೋರಾ ಎಂಬ ಸಂಸ್ಥೆ ಶುರುವಾಗಿ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ನೆನೆಯುವ ಪಾಸೋವರ್ ಹಬ್ಬವನ್ನು ಮರುಭೂಮಿಗೆ, ಏಳು ದಿನ ಚಪ್ಪರದಲ್ಲಿ ಉಣ್ಣುವ ಸುಕ್ಕೋತ್ ಹಬ್ಬವನ್ನು ಹೊಲಕ್ಕೆ, ಮರಗಳ ಹಬ್ಬ ತು ಬಿಶ್ವಾತನ್ನು ರೆಡ್‌ವುಡ್ ಮರಗಳ ನಡುವೆ ಒಯ್ದಿತು.

ಹೊರಗಿನಿಂದ ನೋಡಿದರೆ ಇದು ಬೆಂಕಿ ಹಾಕಿ, ತಮಟೆ ಬಡಿದು, ಮರ ತಬ್ಬಿಕೊಳ್ಳುವವರ ಕೂಟದಂತೆ ಕಾಣುತ್ತದೆ. ಅಂಥ ಕೂಟಗಳೂ ಇವೆ, ಎರಡು ವರ್ಷಕ್ಕೆ ಸುಸ್ತಾಗುತ್ತವೆ. ಬಾಳಿಕೆ ಬಂದಿರುವುದು ಹಳೆಯ ಹಲಾಖಾದ, ಅಂದರೆ ಯಹೂದಿ ಧರ್ಮಶಾಸ್ತ್ರದ, ಅಳತೆ ಮತ್ತು ವೇಳೆಗಳನ್ನು ಗಟ್ಟಿಯಾಗಿ ಹಿಡಿದವರದು. ಮುಷ್ಟಿಯಗಲ, ಲೀಟರು, ನಕ್ಷತ್ರ ಕಾಣುವ ಹೊತ್ತು, ಮೊಳಕೆಯ ದಿನ. ಬೇಸಾಯ ಮಾಡುತ್ತಿದ್ದ ಜನ ಬರೆದ ಕಾನೂನು ಅದು. ಅದರೊಳಗೆ ಮಣ್ಣು ಆಗಲೇ ಇದೆ, ಹೊರಗಿನಿಂದ ತಂದು ಸುರಿಯಬೇಕಿಲ್ಲ. ಈ ದಾರಿಯಲ್ಲಿ ಒಬ್ಬಂಟಿಯಾಗಿ ಸಾಧನೆ ಮಾಡುವವರಿಗೆ ವರ್ಷದುದ್ದಕ್ಕೂ ಕೈಗೆ ಏನು ಕೆಲಸ, ಎಲ್ಲಿ ಎಡವುತ್ತಾರೆ ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲು ಚಂದ್ರ. ಯಹೂದಿ ಪಂಚಾಂಗ ನಮ್ಮ ಚಾಂದ್ರಮಾನಕ್ಕೆ ಹತ್ತಿರದ್ದು, ಕನ್ನಡಿಗರಿಗೆ ವಿವರಿಸುವುದು ಅಮೆರಿಕನ್ನರಿಗೆ ವಿವರಿಸುವುದಕ್ಕಿಂತ ಸುಲಭ. ತಿಂಗಳಿಗೆ 29 ಇಲ್ಲವೇ 30 ದಿನ, ಅಮಾವಾಸ್ಯೆ ಕಳೆದು ತಿಂಗಳು ಶುರು, ದೊಡ್ಡ ಹಬ್ಬಗಳು ಹುಣ್ಣಿಮೆಗೆ. ಪಾಸೋವರ್ ನಿಸಾನ್ 15, ಸುಕ್ಕೋತ್ ತಿಶ್ರಿ 15, ತು ಬಿಶ್ವಾತ್ ಶ್ವಾತ್ 15. ಹನ್ನೆರಡು ಚಾಂದ್ರ ತಿಂಗಳಿಗೆ ಸುಮಾರು 354 ದಿನವಾಗುವುದರಿಂದ 19 ವರ್ಷದಲ್ಲಿ 7 ಸಲ ಅಧಿಕ ಮಾಸ ಸೇರಿಸುತ್ತಾರೆ. ನಮ್ಮಲ್ಲಿ ಸಂಕ್ರಾಂತಿ ಬೀಳದ ತಿಂಗಳು ಯಾವುದೋ ಅದು ಅಧಿಕವಾಗುತ್ತದೆ, ಅವರಲ್ಲಿ ಯಾವಾಗಲೂ ಅದಾರ್ ತಿಂಗಳೇ. ನಮಗೆ 2023ರಲ್ಲಿ ಅಧಿಕ ಶ್ರಾವಣ ಬಂದರೆ ಅವರಿಗೆ 2024ರ ಫೆಬ್ರವರಿ 10ಕ್ಕೆ ಹೆಚ್ಚಿನ ಅದಾರ್ ಶುರುವಾಯಿತು. ದಿನ ಮಾತ್ರ ಸೂರ್ಯೋದಯಕ್ಕಲ್ಲ, ಸೂರ್ಯಾಸ್ತಕ್ಕೆ ಬದಲಾಗುತ್ತದೆ. ಹೊಸಬರ ಮೊದಲ ತಪ್ಪು ಇಲ್ಲೇ: ಕ್ಯಾಲೆಂಡರಿನಲ್ಲಿ ನಾಳೆಯ ತಾರೀಖಿಗೆ ಬರೆದ ಹಬ್ಬ ಇವತ್ತು ಸಂಜೆಯೇ ಹಿಡಿದಿರುತ್ತದೆ.

ತಿಂಗಳ ಸಾಧನೆಯ ಗೂಟವೆಂದರೆ ಕಿದ್ದುಷ್ ಲೆವಾನಾ, ಬೆಳೆಯುತ್ತಿರುವ ಚಂದ್ರನನ್ನು ನೋಡಿ ಹೇಳುವ ಸ್ತುತಿ. ಇದಕ್ಕೆ ಮೊಲಾದ್ ಗೊತ್ತಿರಬೇಕು. ಮೊಲಾದ್ ಅಂದರೆ ಸೂರ್ಯ ಚಂದ್ರ ಕೂಡುವ ಸರಾಸರಿ ಕ್ಷಣ. ಒಂದು ಮೊಲಾದಿನಿಂದ ಇನ್ನೊಂದಕ್ಕೆ 29 ದಿನ, 12 ಗಂಟೆ, 793 ಭಾಗ. ಗಂಟೆಗೆ 1080 ಭಾಗ, ಒಂದು ಭಾಗಕ್ಕೆ ಮೂರೂವರೆಗಿಂತ ಚೂರು ಕಡಿಮೆ ಸೆಕೆಂಡು. ಸಿನಗಾಗಿನಲ್ಲಿ ಹೊಸ ತಿಂಗಳಿಗೆ ಹಿಂದಿನ ಶಬ್ಬಾತಿನಂದು, ಅಂದರೆ ವಾರದ ವಿಶ್ರಾಂತಿಯ ಶನಿವಾರದಂದು, ಇದನ್ನು ಓದಿ ಹೇಳುತ್ತಾರೆ, ಆದರೆ ಅದು ಜೆರುಸಲೇಮಿನ ಸ್ಥಳೀಯ ಸೌರ ವೇಳೆ. ಭಾರತದಲ್ಲಿದ್ದವರು ಅದಕ್ಕೆ 3 ಗಂಟೆ 9 ನಿಮಿಷ ಕೂಡಿಸಬೇಕು, ಕ್ಯಾಲಿಫೋರ್ನಿಯಾದವರು ಚಳಿಗಾಲದಲ್ಲಿ 10 ಗಂಟೆ 21 ನಿಮಿಷ, ಬೇಸಿಗೆಯಲ್ಲಿ 9 ಗಂಟೆ 21 ನಿಮಿಷ ಕಳೆಯಬೇಕು. ಆ ಕ್ಷಣದಿಂದ ಮೂರು ಪೂರ್ತಿ ದಿನ ಕಳೆದ ಮೇಲೆ ಸ್ತುತಿ ಹೇಳಬಹುದು. ಏಳು ದಿನ ಕಾಯುವ ಪದ್ಧತಿಯವರೂ ಇದ್ದಾರೆ. ಕೊನೆಯ ಗಡಿ 14 ದಿನ 18 ಗಂಟೆ 22 ನಿಮಿಷ, ತಿಂಗಳ ಸರಿ ಅರ್ಧ.

ಬಯಲಲ್ಲಿ, ಮಾಡಿನ ಕೆಳಗೆ ನಿಲ್ಲದೆ, ಕಾಲು ಜೋಡಿಸಿ ನಿಂತು, ಚಂದ್ರನನ್ನು ಒಮ್ಮೆ ನೋಡಬೇಕು. ನೋಡಿದ ಮೇಲೆ ದೃಷ್ಟಿ ಪುಸ್ತಕಕ್ಕೆ. ಚಂದ್ರನನ್ನೇ ನೋಡುತ್ತ ಹೇಳಿದರೆ ಅವನಿಗೇ ಪೂಜೆ ಮಾಡಿದಂತೆ ಕಂಡೀತು ಅನ್ನುವ ಎಚ್ಚರಿಕೆ ಅದು. ಮುಗಿದ ಮೇಲೆ ಕಾಲ್ಬೆರಳ ಮೇಲೆ ಮೂರು ಸಲ ಮೇಲಕ್ಕೆ ನೆಗೆಯುತ್ತಾರೆ, ಪಕ್ಕದವರಿಗೆ "ಶಾಲೋಮ್ ಅಲೇಖೆಮ್" ಅನ್ನುತ್ತಾರೆ. ಶಬ್ಬಾತ್ ಮುಗಿದ ಶನಿವಾರ ರಾತ್ರಿ, ಒಳ್ಳೆಯ ಬಟ್ಟೆಯಲ್ಲೇ ಇರುವಾಗ ಮಾಡುವುದು ರೂಢಿ. ತೆಳ್ಳನೆಯ ಮೋಡವಿದ್ದರೆ ಪರವಾಗಿಲ್ಲ, ಚಂದ್ರನ ಬೆಳಕಿನ ಉಪಯೋಗ ಸಿಗದಷ್ಟು ದಟ್ಟವಾಗಿದ್ದರೆ ನಡೆಯದು. ತಪ್ಪಿಹೋಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಮಳೆಗಾಲದ ಊರಿನಲ್ಲಿ ಶನಿವಾರಕ್ಕೆ ಕಾಯುತ್ತ ಕೂತವರಿಗೆ ಹದಿನೈದು ದಿನವೂ ಮೋಡವೇ ಸಿಗುತ್ತದೆ. ಬೆಂಗಳೂರಿನಲ್ಲಿದ್ದರೆ ಜುಲೈ, ಆಗಸ್ಟ್‌ಗಳಲ್ಲಿ ಮೊದಲ ಬಿಡುವು ಸಿಕ್ಕ ರಾತ್ರಿಯೇ ಹೇಳಿಬಿಡುವುದು ಲೇಸು. ಇನ್ನೊಂದು ತಿಶ್ರಿ ತಿಂಗಳು: ತಿಶ್ರಿ 10ರ ಪ್ರಾಯಶ್ಚಿತ್ತದ ಉಪವಾಸ ಯೋಮ್ ಕಿಪ್ಪುರ್ ಮುಗಿಯುವ ತನಕ ಕಾಯುವ ರೂಢಿ ಇರುವುದರಿಂದ ಉಳಿಯುವುದು ಸುಮಾರು ನಾಲ್ಕೇ ರಾತ್ರಿ.

ಈ ಪಂಚಾಂಗ ಆಕಾಶಕ್ಕೆ ಅಂಟಿಕೊಂಡಿದೆ ಅಂತ ಕುರುಡಾಗಿ ನಂಬುವುದೂ ಬೇಡ. ಹೊಸವರ್ಷದ ಹಬ್ಬ ರೋಶ್ ಹಶಾನಾ ಭಾನುವಾರ, ಬುಧವಾರ, ಶುಕ್ರವಾರ ಬೀಳಕೂಡದು ಅನ್ನುವ ನಿಯಮಕ್ಕಾಗಿ ಒಂದೆರಡು ದಿನ ಮುಂದಕ್ಕೆ ತಳ್ಳುತ್ತಾರೆ. ಜೊತೆಗೆ ಅವರ ಸರಾಸರಿ ವರ್ಷ ಋತುವರ್ಷಕ್ಕಿಂತ ಆರೂವರೆ ನಿಮಿಷ ಉದ್ದ, ಸುಮಾರು 216 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ಅದಕ್ಕೇ ಕೈಯಲ್ಲಿ ಪಂಚಾಂಗ, ಕಣ್ಣಲ್ಲಿ ಆಕಾಶ ಎರಡೂ ಬೇಕು. ಪ್ರತಿ ತಿಂಗಳು ಪಡುವಣದಲ್ಲಿ ಮೊದಲ ಎಳೆ ಚಂದ್ರ ಕಂಡ ದಿನ, ಹೊತ್ತು, ದಿಕ್ಕು ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಹೊಸಬರಿಗೆ ಒಳ್ಳೆಯ ಮೊದಲ ಅಭ್ಯಾಸ. ಖರ್ಚಿಲ್ಲ, ಹೀಬ್ರೂ ಬೇಕಿಲ್ಲ.

ಚಂದ್ರ ಎಲ್ಲ ಊರಿಗೂ ಒಬ್ಬನೇ, ಮಳೆ ಹಾಗಲ್ಲ. ದಿನಕ್ಕೆ ಮೂರು ಸಲದ ಪ್ರಾರ್ಥನೆಯಲ್ಲಿ ಮಳೆ ಕೇಳುವ ಒಂದು ಸಾಲು ಇದೆ. ಇಸ್ರೇಲಿನಲ್ಲಿ ಅದನ್ನು ಶುರು ಮಾಡುವುದು ಖೆಶ್ವಾನ್ ತಿಂಗಳ 7ಕ್ಕೆ, ಸುಕ್ಕೋತ್ ಮುಗಿದು ಹದಿನೈದು ದಿನಕ್ಕೆ. ಜೆರುಸಲೇಮಿನ ಹಬ್ಬಕ್ಕೆ ಬಂದ ಕಡೆಯ ಯಾತ್ರಿಕ ಯೂಫ್ರೆಟಿಸ್ ನದಿ ಮುಟ್ಟುವ ತನಕ ಅವನು ನೆನೆಯಬಾರದು ಅನ್ನುವುದು ಕಾರಣ. ಇಸ್ರೇಲಿನ ಹೊರಗೆ ಡಿಸೆಂಬರ್ 4ರ ಸಂಜೆ, ಕೆಲವು ವರ್ಷ 5ರ ಸಂಜೆ. ಇದು ಬ್ಯಾಬಿಲೋನಿಯಾದ ಹವೆಗೆ ಹೊಂದಿಸಿದ ಲೆಕ್ಕ. ಬೆಂಗಳೂರಿನಲ್ಲಿ ಆ ಸಾಲು ಹೇಳುವ ಡಿಸೆಂಬರ್‌ನಿಂದ ಪಾಸೋವರ್ ತನಕ ಒಣ ಕಾಲ. ಹಾಗಾದರೆ ಏನು ಮಾಡಬೇಕು? ಈ ಪ್ರಶ್ನೆ ಹೊಸತಲ್ಲ. 17ನೇ ಶತಮಾನದಲ್ಲಿ ಬ್ರೆಜಿಲಿನ ರೆಸಿಫೆಯ ಯಹೂದಿಗಳು, ನಮ್ಮ ಋತು ತಿರುಗುಮುರುಗಾಗಿದೆ, ಯಾವಾಗ ಕೇಳಬೇಕು ಅಂತ ಸಾಲೋನಿಕಾದ ರಬ್ಬಿ ಹಯೀಮ್ ಶಬ್ತಾಯ್ ಅವರಿಗೆ ಬರೆದು ಕೇಳಿದ್ದರು. ನಿಮಗೆ ಮಳೆ ಬೇಕಾದಾಗ, ಸ್ವಂತ ಕೋರಿಕೆಗಳಿಗೆ ಜಾಗವಿರುವ "ಶ್ಮಾ ಕೋಲೇನು" ಭಾಗದಲ್ಲಿ ಕೇಳಿ ಎಂಬ ದಾರಿ ಅಲ್ಲಿಂದ ಸಿಕ್ಕಿತು. ಇವತ್ತಿಗೂ ಅದೇ ಉಪಾಯ. ಸಾಧನೆಯ ಪುಸ್ತಕದಲ್ಲಿ ಎರಡು ಅಂಕಣ ಎಳೆಯಿರಿ, ಒಂದರಲ್ಲಿ ಜೆರುಸಲೇಮಿನ ಋತು, ಇನ್ನೊಂದರಲ್ಲಿ ನೀವಿರುವ ಊರಿನದು: ಮೊದಲ ಮಳೆ, ಮೊದಲ ಹೂವು, ಕೆರೆಯ ಮಟ್ಟ. ಎರಡನ್ನು ಬೆರೆಸಿ ಒಂದು ಮಾಡಲು ಹೋದವರು ಹಬ್ಬವನ್ನೂ ಕೆಡಿಸುತ್ತಾರೆ, ಊರನ್ನೂ ನೋಡುವುದಿಲ್ಲ.

ದಿನನಿತ್ಯದ ಕೆಲಸ ಬ್ರಾಖೋತ್, ಚಿಕ್ಕ ಚಿಕ್ಕ ಸ್ತುತಿವಾಕ್ಯಗಳು. ಎಲ್ಲದರ ಮೊದಲ ಭಾಗ ಒಂದೇ: "ಬಾರೂಖ್ ಅತಾ ಅದೋನಾಯ್, ಎಲೋಹೇನು ಮೆಲೆಖ್ ಹಾಓಲಾಮ್". ಈ ಕವಲಿನ ಹಲವರು ಜಗದ ದೊರೆ ಅನ್ನುವ "ಮೆಲೆಖ್" ಜಾಗದಲ್ಲಿ ಜಗದ ಉಸಿರು ಅನ್ನುವ "ರೂಅಖ್" ಹಾಕುತ್ತಾರೆ, ಸಂಪ್ರದಾಯಸ್ಥರು ಒಪ್ಪುವುದಿಲ್ಲ. ಕೊನೆಯ ಭಾಗ ವಸ್ತುವಿಗೆ ತಕ್ಕಂತೆ. ಮರದ ಹಣ್ಣಿಗೆ "ಬೋರೇ ಪ್ರಿ ಹಾಎತ್ಸ್", ನೆಲದ ಬೆಳೆಗೆ "ಬೋರೇ ಪ್ರಿ ಹಾಅದಾಮಾ". ಇಲ್ಲಿ ಗಿಡ ಯಾವುದು ಅಂತ ಗೊತ್ತಿರಲೇಬೇಕು. ಬಾಳೆಹಣ್ಣಿಗೆ ಎರಡನೆಯದು, ಏಕೆಂದರೆ ಬಾಳೆಗೆ ವರ್ಷದಿಂದ ವರ್ಷಕ್ಕೆ ಉಳಿಯುವ ಮರದ ಕಾಂಡವಿಲ್ಲ, ಗೊನೆ ಬಿಟ್ಟ ದಿಂಡು ಸಾಯುತ್ತದೆ. ಅಣಬೆ ಮಣ್ಣಿನಿಂದ ಆಹಾರ ಎಳೆಯುವ ಗಿಡವಲ್ಲವಾದ್ದರಿಂದ ಅದಕ್ಕೆ ಇವೆರಡೂ ಅಲ್ಲ, ಸಾಮಾನ್ಯ ಸ್ತುತಿ "ಶೆಹಕೋಲ್". ಎರಡು ಸಾವಿರ ವರ್ಷ ಹಿಂದಿನ ಸಸ್ಯಶಾಸ್ತ್ರ ದಿನಾ ಬಾಯಿಗೆ ಬರುವುದು ಹೀಗೆ.

ಮಿಂಚಿಗೆ "ಓಸೆ ಮಾಅಸೇ ವ್ರೇಶೀತ್", ಗುಡುಗಿಗೆ "ಶೆಕೋಖೋ ಉಗ್ವೂರಾತೋ ಮಾಲೇ ಓಲಾಮ್". ಕಂಡ ಅಥವಾ ಕೇಳಿದ ಎರಡು ಮೂರು ಸೆಕೆಂಡಿನೊಳಗೆ ಹೇಳಬೇಕು, ತಪ್ಪಿದರೆ ಮುಂದಿನ ಮಿಂಚಿಗೆ ಕಾಯಬೇಕು. ಒಂದು ಬಿರುಗಾಳಿ ಮಳೆಗೆ ಒಂದೇ ಸಲ, ಆಕಾಶ ಪೂರ್ತಿ ತಿಳಿಯಾಗಿ ಮತ್ತೆ ಮೋಡ ಕಟ್ಟಿದರೆ ಇನ್ನೊಮ್ಮೆ. ನಿಸಾನ್ ತಿಂಗಳಲ್ಲಿ ವರ್ಷಕ್ಕೊಮ್ಮೆ ಹೂ ಬಿಟ್ಟ ಹಣ್ಣಿನ ಮರ ನೋಡಿ ಹೇಳುವ ಬಿರ್ಕತ್ ಹಾಇಲಾನೋತ್ ಇದೆ. ಹಣ್ಣಿನ ಮರವೇ ಆಗಬೇಕು, ಎರಡು ಮರ ಜೊತೆಗಿದ್ದರೆ ಉತ್ತಮ, ಹೂ ಉದುರಿ ಕಾಯಿ ಬಲಿತಿದ್ದರೆ ತಡವಾಯಿತು. ಬೀದಿಯ ಅಲಂಕಾರದ ಚೆರಿ ಮರ ಎಷ್ಟೇ ಚಂದವಿದ್ದರೂ ತಿನ್ನುವ ಹಣ್ಣು ಬಿಡದಿದ್ದರೆ ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಾದಾಮಿ ಫೆಬ್ರವರಿಯಲ್ಲೇ ಅರಳಿ ಮುಗಿಸಿರುತ್ತದೆ, ನಿಸಾನಿಗೆ ಸೇಬನ್ನೋ ಕಿತ್ತಳೆಯನ್ನೋ ಹುಡುಕಬೇಕು.

ವರ್ಷದ ಕೈಗೆಲಸವೆಲ್ಲ ಸೇರುವುದು ಸುಕ್ಕೋತಿನಲ್ಲಿ. ಮದುವೆ ಮನೆ ಮುಂದೆ ಗರಿ ಚಪ್ಪರ ಹಾಕಿದವರಿಗೆ ಸುಕ್ಕಾ, ಅಂದರೆ ಈ ಹಬ್ಬದ ಚಪ್ಪರ, ಅರ್ಧ ಗೊತ್ತಿದ್ದಂತೆಯೇ. ಕೊಚ್ಚಿಯ ಯಹೂದಿಗಳು ತೆಂಗಿನ ಗರಿಯನ್ನೇ ಹೊದಿಸುತ್ತಿದ್ದರು. ಅಳತೆಯ ಮೂಲಮಾನ ತೆಫಖ್, ಹೆಬ್ಬೆರಳು ಬಿಟ್ಟ ಮುಷ್ಟಿಯಗಲ, 8ರಿಂದ 10 ಸೆಂಟಿಮೀಟರ್. ಸುಕ್ಕಾ ಕನಿಷ್ಠ 7 ತೆಫಖ್ ಉದ್ದ, 7 ಅಗಲ, 10 ಎತ್ತರ ಇರಬೇಕು. 20 ಮೊಳ, ಅಂದರೆ ಸುಮಾರು 9 ಮೀಟರ್ ಮೀರಬಾರದು. ಎರಡು ಪೂರ್ತಿ ಗೋಡೆ, ಮೂರನೆಯದರ ಒಂದು ತುಂಡು ಇದ್ದರೆ ಕನಿಷ್ಠಕ್ಕೆ ಸಾಕು. ಆ ತುಂಡನ್ನು ನಿಲ್ಲಿಸುವ ವಿಧಾನ ತೊಡಕಿನದಾದ್ದರಿಂದ ಮನೆಯಲ್ಲಿ ಮಾಡುವವರು ಮೂರು ಪೂರ್ತಿ ಗೋಡೆ ಹಾಕಿಬಿಡುವುದೇ ಸರಿ. ಗೋಡೆ ಯಾವುದರದ್ದಾದರೂ ಆದೀತು, ಆದರೆ ಸಾಮಾನ್ಯ ಗಾಳಿಗೆ ಪಟಪಟಿಸಿ ಅತ್ತಿತ್ತ ಹೋಗಬಾರದು. ಅಂಗಡಿಯ ಬಟ್ಟೆ ಗೋಡೆಯ ಕಿಟ್‌ಗಳು ಸೋಲುವುದು ಇಲ್ಲೇ. ನೆಲದಿಂದ 10 ತೆಫಖ್ ತನಕ ಮೂರು ತೆಫಖಿಗಿಂತ ಕಡಿಮೆ ಅಂತರದಲ್ಲಿ ಹಗ್ಗ ಬಿಗಿದರೆ ಆ ಹಗ್ಗಗಳೇ ಗೋಡೆಯಾಗುತ್ತವೆ, ಬಟ್ಟೆ ಮರೆಗೆ ಮಾತ್ರ.

ಮೇಲಿನ ಹೊದಿಕೆ, ಸ್ಖಾಖ್, ಇಡೀ ಸುಕ್ಕಾದ ಜೀವ. ನೆಲದಲ್ಲಿ ಬೆಳೆದದ್ದಾಗಿರಬೇಕು, ನೆಲದಿಂದ ಕಡಿದದ್ದಾಗಿರಬೇಕು, ಪಾತ್ರೆ ಪರಿಕರವಾಗಿ ಮಾಡಿದ್ದಾಗಿರಬಾರದು. ಅದಕ್ಕೇ ಬಳ್ಳಿ ಹಬ್ಬಿದ ಹಂದರ ನಡೆಯದು, ಅದು ಇನ್ನೂ ಬೇರಿಗೆ ಅಂಟಿಕೊಂಡಿದೆ. ಮಲಗಲು ಹೆಣೆದ ಚಾಪೆ ನಡೆಯದು. ಮರದ ಕೊಂಬೆಯ ಕೆಳಗೆ ಕಟ್ಟಿದ ಸುಕ್ಕಾವೂ ನಡೆಯದು. ಕಾಡಿನಲ್ಲಿ ಹಬ್ಬ ಮಾಡಲು ಹೊರಟವರು ಅತಿ ಹೆಚ್ಚು ಮಾಡುವ ತಪ್ಪು ಈ ಕಡೆಯದೇ: ದೊಡ್ಡ ಓಕ್ ಮರದ ನೆರಳು ಹಿತವಾಗಿದೆ ಅಂತ ಅಲ್ಲೇ ಕಟ್ಟುತ್ತಾರೆ, ಮೇಲಿಂದ ಆಕಾಶ ಕಾಣುವುದಿಲ್ಲ. ಗೋಡೆ ಮೊದಲು, ಹೊದಿಕೆ ಆಮೇಲೆ. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚು ಬೀಳಬೇಕು, ಆದರೆ ಜೋರು ಮಳೆ ಬಂದರೆ ಒಳಗೆ ಇಳಿಯುವಂತಿರಬೇಕು. ಮೂರು ತೆಫಖಿನಷ್ಟು ಖಾಲಿ ಜಾಗ ಒಂದೇ ಕಡೆ ಬಿಟ್ಟರೆ ಅದರ ಕೆಳಗೆ ಕೂತು ಉಂಡದ್ದು ಸುಕ್ಕಾದಲ್ಲಿ ಉಂಡಂತಲ್ಲ. ಹಸಿ ಗರಿ, ಹಸಿ ಕೊಂಬೆ ಏಳು ದಿನದಲ್ಲಿ ಒಣಗಿ ಸುರುಟಿಕೊಳ್ಳುತ್ತವೆ, ನೆರಳು ಕಡಿಮೆಯಾಗುತ್ತದೆ. ಮೊದಲ ದಿನವೇ ಬೇಕಾದ್ದಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಹಾಕಿಟ್ಟರೆ ಹಬ್ಬದ ನಡುವೆ ಏಣಿ ಹತ್ತುವುದು ತಪ್ಪುತ್ತದೆ. ಎಲೆ ಉದುರಿಸುವ, ಕೆಟ್ಟ ವಾಸನೆಯ ಸೊಪ್ಪು ಬೇಡ, ಊಟ ಮಾಡುವವರು ಎದ್ದು ಹೋಗುತ್ತಾರೆ ಅಂತ ಹಳಬರೇ ಬರೆದಿಟ್ಟಿದ್ದಾರೆ. ಅಡುಗೆ ಕೆಡುವಷ್ಟು ಮಳೆ ಬಿದ್ದರೆ ಮನೆಯೊಳಗೆ ಹೋಗಬಹುದು. ನೆನೆಯುತ್ತ ಕೂರುವುದರಲ್ಲಿ ಪುಣ್ಯವೇನೂ ಇಲ್ಲ.

ಅದೇ ಹಬ್ಬಕ್ಕೆ ನಾಲ್ಕು ಸಸ್ಯ ಕೈಯಲ್ಲಿ ಹಿಡಿಯಬೇಕು: ಬಿಚ್ಚದ ಖರ್ಜೂರದ ಗರಿ ಲುಲಾವ್ ಒಂದು, ಮರ್ಟಲ್ ಗಿಡದ ಕಡ್ಡಿ ಹದಾಸ್ ಮೂರು, ವಿಲ್ಲೋ ಕಡ್ಡಿ ಅರಾವಾ ಎರಡು, ಎತ್ರೋಗ್ ಹಣ್ಣು ಒಂದು. ಎತ್ರೋಗ್ ಬೇರೇನಲ್ಲ, ನಮ್ಮ ಮಾದಲ ಹಣ್ಣು. ಹಾಗಂತ ಇಲ್ಲಿನ ಸಂತೆಯಲ್ಲಿ ಸಿಕ್ಕ ಮಾದಲವನ್ನು ಎತ್ತಿಕೊಂಡು ಹೋಗುವಂತಿಲ್ಲ. ನಿಂಬೆಗೋ ಬೇರೆ ಗಿಡಕ್ಕೋ ಕಸಿ ಮಾಡಿದ ಮರದ ಹಣ್ಣು ಸಲ್ಲದು, ಆದ್ದರಿಂದ ಮರದ ವಂಶ ಗೊತ್ತಿರುವ ತೋಟದ್ದೇ ಬೇಕು. ಕೋಳಿಮೊಟ್ಟೆಗಿಂತ ಚಿಕ್ಕದಾಗಿರಬಾರದು. ತುದಿಯ ಚೊಟ್ಟು, ಪಿತೋಮ್, ಇದ್ದು ಮುರಿದಿದ್ದರೆ ಮೊದಲ ದಿನಕ್ಕೆ ಸಲ್ಲದು, ಮರದಲ್ಲೇ ಉದುರಿ ಚೊಟ್ಟಿಲ್ಲದೆ ಬೆಳೆದದ್ದು ಪರವಾಗಿಲ್ಲ. ಮಕ್ಕಳ ಕೈಗೆ ಕೊಡುವ ಮುಂಚೆ ಇದನ್ನು ನೆನಪಿಡಿ.

ಲುಲಾವಿನ ನಡುಬೆನ್ನು ಕನಿಷ್ಠ 4 ತೆಫಖ್, ಉಳಿದ ಕಡ್ಡಿಗಳು 3. ಬೆನ್ನು ನಿಮ್ಮ ಕಡೆಗಿರಲಿ, ಬಲಕ್ಕೆ ಹದಾಸ್, ಎಡಕ್ಕೆ ಚೂರು ತಗ್ಗಿಸಿ ಅರಾವಾ, ಎರಡಕ್ಕಿಂತ ಲುಲಾವಿನ ಬೆನ್ನು ಒಂದು ತೆಫಖ್ ಮೇಲಿರಲಿ. ಹದಾಸಿನ ಪ್ರತಿ ಗಿಣ್ಣಿನಲ್ಲಿ ಮೂರು ಎಲೆ ಒಂದೇ ಮಟ್ಟದಲ್ಲಿ ಹೊರಟಿರಬೇಕು, ಎರಡು ಸಮ ಒಂದು ಕೆಳಗೆ ಇರುವುದು ತಿರಸ್ಕೃತ. ಅರಾವಾ ಎಲೆ ನೀಳವಾಗಿ, ಅಂಚು ನಯವಾಗಿರಬೇಕು. ತೊರೆಯ ದಂಡೆಯಿಂದ ತಾವೇ ಕೊಯ್ಯುವವರು ಗರಗಸದಂಚಿನ ವಿಲ್ಲೋ ತಂದುಬಿಡುತ್ತಾರೆ, ಅದು ಬೇರೆ ಜಾತಿ. ಕೊಯ್ಯಲು ಜಾಗದ ಒಡೆಯರ ಅನುಮತಿಯೂ ಬೇಕು, ಕದ್ದದ್ದು ಸಲ್ಲದು ಅನ್ನುವುದು ಹಳೆಯ ಧರ್ಮಶಾಸ್ತ್ರ ಸಂಕಲನ ಮಿಶ್ನಾದ ಮಾತು. ಅರಾವಾ ಎರಡು ಮೂರು ದಿನಕ್ಕೆ ಕಪ್ಪಾಗುತ್ತದೆ. ಒದ್ದೆ ಟವೆಲ್ಲಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು, ವಾರದ ನಡುವೆ ಒಮ್ಮೆ ಬದಲಿಸಿ. ಕಟ್ಟು ಬಲಗೈಯಲ್ಲಿ, ಎತ್ರೋಗ್ ಎಡಗೈಯಲ್ಲಿ, ಪಿತೋಮ್ ಕೆಳಮುಖ. ಸ್ತುತಿ ಹೇಳಿ ಹಣ್ಣನ್ನು ನೆಟ್ಟಗೆ ತಿರುಗಿಸಿ ಎರಡು ಕೈ ಜೋಡಿಸಿ, ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ, ಮೇಲೆ, ಕೆಳಗೆ ಮೂರು ಮೂರು ಸಲ ಅಲುಗಿಸಬೇಕು. ಕಬ್ಬಾಲಾ, ಅಂದರೆ ಯಹೂದಿ ಅನುಭಾವ ಮಾರ್ಗದ, ಪದ್ಧತಿಯಲ್ಲಿ ಕ್ರಮ ಬೇರೆ: ದಕ್ಷಿಣ, ಉತ್ತರ, ಪೂರ್ವ, ಮೇಲೆ, ಕೆಳಗೆ, ಪಶ್ಚಿಮ. ಹೊಸ ಗರಿ ಅಲುಗಿದರೆ ಮಳೆ ಹುಯ್ದಂತೆ ಸದ್ದು ಬರುತ್ತದೆ, ಒಣಗಿದ ಗರಿ ಬರೀ ಗಲಗಲ ಅನ್ನುತ್ತದೆ. ಶಬ್ಬಾತಿನಂದು ಎತ್ತುವುದಿಲ್ಲ. ಹಬ್ಬ ಮುಗಿದ ಮೇಲೆ ಎತ್ರೋಗಿನ ಸಿಪ್ಪೆಗೆ ಲವಂಗ ಚುಚ್ಚಿ ಒಣಗಿಸಿಟ್ಟರೆ ಶನಿವಾರ ರಾತ್ರಿ ಶಬ್ಬಾತನ್ನು ಬೀಳ್ಕೊಡುವ ವಿಧಿಯಲ್ಲಿ ಮೂಸಲು ತಿಂಗಳುಗಟ್ಟಲೆ ಬರುತ್ತದೆ. ಪೂರ್ತಿ ಒಣಗುವ ಮುಂಚೆ ಡಬ್ಬಿಗೆ ಹಾಕಿದರೆ ಬೂಸ್ಟು.

ತು ಬಿಶ್ವಾತ್ ಮೂಲದಲ್ಲಿ ತೆರಿಗೆ ಲೆಕ್ಕದ ದಿನ. ಮರದ ಹಣ್ಣಿನ ದಶಾಂಶಕ್ಕೆ ವರ್ಷ ಎಲ್ಲಿಂದ ಅನ್ನುವುದಕ್ಕೆ ಹಳೆಯ ಗುರು ಶಮ್ಮಾಯಿಯ ಪಂಥದವರು ಶ್ವಾತ್ 1 ಅಂದರು, ಇನ್ನೊಬ್ಬ ಗುರು ಹಿಲ್ಲೇಲನ ಪಂಥದವರು 15 ಅಂದರು, ಎರಡನೆಯದು ನಿಂತಿತು. ಕಬ್ಬಾಲಾದವರು ಅದಕ್ಕೆ ಹಣ್ಣು ಮತ್ತು ದ್ರಾಕ್ಷಾರಸದ ಸೇದರ್, ಅಂದರೆ ಕ್ರಮ ಹಿಡಿದ ಊಟದ ವಿಧಿ, ಕಟ್ಟಿದರು. ಕಬ್ಬಾಲಾ ಹೇಳುವ ನಾಲ್ಕು ಲೋಕಗಳಿಗೆ ಒಂದೊಂದರಂತೆ, ಈಗ ಹೆಚ್ಚಾಗಿ ನಡೆಯುವ ಕ್ರಮದಲ್ಲಿ ಮೊದಲು ಹೊರಗೆ ಗಟ್ಟಿ ಚಿಪ್ಪಿರುವವು, ದಾಳಿಂಬೆ, ಬಾದಾಮಿ, ಅಕ್ರೋಟು. ಆಮೇಲೆ ಒಳಗೆ ಬೀಜವಿರುವವು, ಆಲಿವ್, ಖರ್ಜೂರ, ಏಪ್ರಿಕಾಟ್. ಮೂರನೆಯದಾಗಿ ಇಡಿಯಾಗಿ ತಿನ್ನುವವು, ಅಂಜೂರ, ದ್ರಾಕ್ಷಿ. ನಾಲ್ಕನೆಯ ಲೋಕಕ್ಕೆ ಹಣ್ಣಿಲ್ಲ, ಬರೀ ಸುವಾಸನೆ. ಬಟ್ಟಲು ನಾಲ್ಕು: ಪೂರ್ತಿ ಬಿಳಿ, 70 ಮಿ.ಲೀ. ಬಿಳಿಗೆ 30 ಕೆಂಪು, 30 ಬಿಳಿಗೆ 70 ಕೆಂಪು, ಕೊನೆಗೆ ಕೆಂಪಿಗೆ ಒಂದು ಹನಿ ಬಿಳಿ. ಈ ಲೆಕ್ಕದಲ್ಲಿ ಹತ್ತು ಜನಕ್ಕೆ 750 ಮಿ.ಲೀ.ನ ಬಿಳಿ ಮೂರು ಬಾಟಲಿ, ಕೆಂಪು ಮೂರು. ಬಿಳಿ ಮತ್ತು ಕೆಂಪು ದ್ರಾಕ್ಷಿ ಜ್ಯೂಸಿನಲ್ಲೂ ಆಗುತ್ತದೆ, ಪಾನನಿಯಮ ಬಿಗಿಯಾಗಿರುವವರು ಕೋಷರ್, ಅಂದರೆ ಧರ್ಮಶಾಸ್ತ್ರಕ್ಕೆ ಸಲ್ಲುತ್ತದೆ ಅನ್ನುವ, ಮುದ್ರೆ ನೋಡಿ ಕೊಳ್ಳಲಿ.

ಇಲ್ಲೊಂದು ತೊಡಕಿದೆ. ಹಣ್ಣಿನ ಸ್ತುತಿಯನ್ನು ಇಸ್ರೇಲ್ ನಾಡಿನ ಏಳು ಬೆಳೆಗಳಲ್ಲಿ ಮುಖ್ಯವಾದದ್ದರ ಮೇಲೆ ಮೊದಲು ಹೇಳಬೇಕು. ಹಣ್ಣುಗಳಲ್ಲಿ ಅದರ ಸರದಿ ಆಲಿವ್, ಖರ್ಜೂರ, ದ್ರಾಕ್ಷಿ, ಅಂಜೂರ, ದಾಳಿಂಬೆ. ಸೇದರ್ ಮಾತ್ರ ಚಿಪ್ಪಿನ ಕಾಯಿಯಿಂದ ಶುರು. ತಟ್ಟೆಯಲ್ಲಿ ಎಲ್ಲ ಹಣ್ಣೂ ಕಣ್ಣೆದುರಿಗಿಟ್ಟು, ಮೊದಲು ಒಂದು ಆಲಿವಿನ ಮೇಲೆ ಸ್ತುತಿ ಹೇಳಿ ತಿಂದು, ಎಲ್ಲದಕ್ಕೂ ಸೇರಿತು ಅಂತ ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿದರೆ ಎರಡೂ ಉಳಿಯುತ್ತವೆ. ಅಂಜೂರ ಮತ್ತು ಖರ್ಜೂರವನ್ನು ಸೀಳಿ ಬೆಳಕಿಗೆ ಹಿಡಿದು ಹುಳು ನೋಡದೆ ಬಡಿಸಬೇಡಿ.

ಅದೇ ದಿನ ಸಸಿ ನೆಡುವ ರೂಢಿ ಇದೆ, ಅಲ್ಲಿ ಓರ್ಲಾ ಲೆಕ್ಕ ಬರುತ್ತದೆ: ನೆಟ್ಟ ಮೊದಲ ಮೂರು ವರ್ಷದ ಹಣ್ಣು ತಿನ್ನುವಂತಿಲ್ಲ. ರೋಶ್ ಹಶಾನಾಕ್ಕೆ 44 ದಿನ ಮುಂಚೆ, ಆವ್ ತಿಂಗಳ 15ರೊಳಗೆ ನೆಟ್ಟಿದ್ದರೆ ಆ ಚೂರು ಕಾಲವೇ ಒಂದು ವರ್ಷವಾಗಿ ಎಣಿಕೆಗೆ ಬರುತ್ತದೆ. ನರ್ಸರಿಯಿಂದ ಬೇರಿನ ಸುತ್ತ ಮಣ್ಣುಂಡೆ ಸಮೇತ ತಂದ ಸಸಿಗೆ ಹಳೆಯ ಎಣಿಕೆ ಮುಂದುವರಿಯಬಹುದು. ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲಕ್ಕೆ ಅಗ್ಗವಾಗಿ ಮಾರುವ, ಮಣ್ಣು ತೊಳೆದ ಬರಿ ಬೇರಿನ ಸಸಿಗೆ ಎಣಿಕೆ ಮತ್ತೆ ಒಂದರಿಂದ. ನೆಟ್ಟ ತಾರೀಖನ್ನು ತಗಡಿನ ಚೀಟಿಯಲ್ಲಿ ಕೊರೆದು ಕಾಂಡಕ್ಕೆ ಸಡಿಲವಾಗಿ ಕಟ್ಟಿಡಿ. ಮೂರು ವರ್ಷದಲ್ಲಿ ನೆನಪು ಉಳಿಯುವುದಿಲ್ಲ.

ಓಮೆರ್ ಎಣಿಕೆ ಪಾಸೋವರಿನ ಎರಡನೇ ರಾತ್ರಿಯಿಂದ 49 ರಾತ್ರಿ, ಬಾರ್ಲಿ ಸುಗ್ಗಿಯಿಂದ ಗೋಧಿ ಸುಗ್ಗಿಯ ತನಕ. ನಕ್ಷತ್ರ ಕಂಡ ಮೇಲೆ ನಿಂತು ಸ್ತುತಿ ಹೇಳಿ ದಿನ, ವಾರ ಎಣಿಸುವುದು. ರಾತ್ರಿ ಮರೆತರೆ ಮರುದಿನ ಹಗಲು ಸ್ತುತಿಯಿಲ್ಲದೆ ಎಣಿಸಿ, ಆ ರಾತ್ರಿಯಿಂದ ಮತ್ತೆ ಸ್ತುತಿಯೊಂದಿಗೆ. ಹಗಲೂ ಮರೆತರೆ ಉಳಿದ ದಿನವೆಲ್ಲ ಸ್ತುತಿಯಿಲ್ಲದೆ. ಸಂಜೆ ಯಾರಾದರೂ ಇವತ್ತು ಎಷ್ಟನೆಯದು ಅಂತ ಕೇಳಿದರೆ ನಿನ್ನೆಯದನ್ನು ಹೇಳಿ, ಇವತ್ತಿನದು ಬಾಯಿಗೆ ಬಂದರೆ ಎಣಿಸಿಯೇ ಆಯಿತು. ಬಾರ್ಲಿ ಬೆಳೆಸುವವರು ಒಂದು ಎಚ್ಚರ ವಹಿಸಬೇಕು: ಪಾಸೋವರಿನಲ್ಲಿ ಮನೆಯೊಳಗೆ ಬಾರ್ಲಿ ನೆನೆಹಾಕಿ ಮೊಳಕೆ ಬರಿಸಿದರೆ ಅದು ಹಮೇತ್ಸ್, ಹಬ್ಬದಲ್ಲಿ ಇಟ್ಟುಕೊಳ್ಳಲೇಬಾರದ ವಸ್ತು. ಕುಂಡದಲ್ಲಿ 2-3 ಸೆಂ.ಮೀ. ಆಳಕ್ಕೆ ಒಣ ಬೀಜ ನವೆಂಬರಿನ ಮಳೆಗೇ ಬಿತ್ತಿದರೆ ಕ್ಯಾಲಿಫೋರ್ನಿಯಾದಂಥ ಹವೆಯಲ್ಲಿ ಹಬ್ಬದ ಹೊತ್ತಿಗೆ ತೆನೆ ಕಾಣುತ್ತದೆ.

ಇಷ್ಟೆಲ್ಲ ಅಳತೆಯ ನಡುವೆ ಅಳತೆಯಿಲ್ಲದ ಒಂದು ಸಾಧನೆಯೂ ಇದೆ. ಬ್ರೆಸ್ಲಾವಿನ ರಬ್ಬಿ ನಖ್ಮಾನ್ (1772-1810) ಕಲಿಸಿದ ಹಿತ್ಬೋದೆದೂತ್: ದಿನಕ್ಕೊಂದು ಗಂಟೆ, ಜನ ಓಡಾಡದ ದಾರಿಯಲ್ಲಿ, ಆಗುವುದಾದರೆ ರಾತ್ರಿ, ದೇವರೊಂದಿಗೆ ಬಾಯಿಬಿಟ್ಟು ಮಾತಾಡುವುದು, ಅದೂ ಆಡುವ ಭಾಷೆಯಲ್ಲಿ. ಅವರ ಜನಕ್ಕೆ ಯಿದ್ದಿಶ್ ಇತ್ತು, ಕನ್ನಡಿಗರಿಗೆ ಕನ್ನಡ. ಹೊಲದಲ್ಲಿ ನಿಂತು ಪ್ರಾರ್ಥಿಸುವವನ ಪ್ರಾರ್ಥನೆಯೊಳಗೆ ಹುಲ್ಲೆಲ್ಲ ಬಂದು ಸೇರುತ್ತದೆ ಅನ್ನುವುದು ಅವರ ಬೋಧೆ. ಶುರುವಿಗೆ ಹದಿನೈದು ನಿಮಿಷ ಸಾಕು. ಮನಸ್ಸಿನಲ್ಲೇ ಮಾತಾಡಿದರೆ ಐದನೇ ನಿಮಿಷಕ್ಕೆ ನಾಳೆಯ ಕೆಲಸದ ಪಟ್ಟಿ ಬರುತ್ತದೆ, ಅದಕ್ಕೇ ದನಿ ಹೊರಡಿಸಬೇಕು. ಏನೂ ತೋಚದಿದ್ದರೆ "ರಿಬ್ಬೋನೋ ಶೆಲ್ ಓಲಾಮ್", ಜಗದೊಡೆಯನೇ, ಅನ್ನುವುದೊಂದನ್ನೇ ಮತ್ತೆ ಮತ್ತೆ ಹೇಳುವುದು. ಫೋನು ಮನೆಯಲ್ಲಿ ಬಿಡಿ ಅನ್ನುವವರಿದ್ದಾರೆ, ಕಾಡುದಾರಿಯಲ್ಲಿ ರಾತ್ರಿ ಅದು ಬುದ್ಧಿವಂತಿಕೆಯಲ್ಲ, ಆಫ್ ಮಾಡಿ ಜೇಬಿನಲ್ಲಿಟ್ಟರೆ ಸಾಕು. ಕ್ಯಾಲಿಫೋರ್ನಿಯಾದಲ್ಲಾದರೆ ಪಾಯ್ಸನ್ ಓಕ್ ಗಿಡದ ಮೂರೆಲೆ ಗುರುತು ಹಗಲಲ್ಲೇ ಕಲಿತುಕೊಳ್ಳಿ.

ಮಿಕ್ವೆ, ಮುಳುಗು ಸ್ನಾನಕ್ಕೆ, 40 ಸೆಆ ನೀರು ಬೇಕು. ಕಡಿಮೆ ಲೆಕ್ಕದಲ್ಲೇ ಸುಮಾರು 330 ಲೀಟರು, ಬೇರೆಯವರ ಲೆಕ್ಕದಲ್ಲಿ ಇನ್ನೂ ಹೆಚ್ಚು. ಕೈಯಲ್ಲಿ ಸೇದಿ ತುಂಬಿದ ನೀರಾಗಬಾರದು, ಆದ್ದರಿಂದ ತಂಬಿಗೆಯಲ್ಲಿ ಸುರಿದುಕೊಂಡರೆ ಲೆಕ್ಕಕ್ಕಿಲ್ಲ. ಸಮುದ್ರ, ಒರತೆ ನೇರವಾಗಿ ಸಲ್ಲುತ್ತವೆ. ಮಳೆನೀರೇ ಹೆಚ್ಚಾಗಿ ಹರಿಯುವ ತೊರೆಯಲ್ಲಿ ಸಂದೇಹ ಇರುವುದರಿಂದ ಬೇಸಿಗೆಯಲ್ಲೂ ಒರತೆಯಿಂದ ಬತ್ತದೆ ಹರಿಯುವ ಜಾಗ ಹುಡುಕುತ್ತಾರೆ. ಉಂಗುರ, ಉಗುರುಬಣ್ಣ, ಕಾಂಟ್ಯಾಕ್ಟ್ ಲೆನ್ಸ್ ಎಲ್ಲ ತೆಗೆದು, ಒಂದು ಕೂದಲೂ ಮೇಲೆ ತೇಲದಂತೆ ಮುಳುಗಬೇಕು. ದಡದಲ್ಲಿ ಒಬ್ಬರು ನಿಂತಿರಲಿ, ಕೂದಲು ನೋಡುವುದಕ್ಕೂ, ಸೆಳೆತಕ್ಕೆ ಸಿಕ್ಕರೆ ಕೈ ಕೊಡುವುದಕ್ಕೂ.

ಭೂಮಿಯನ್ನು ದೇವಿ ಅನ್ನಬಹುದೇ ಅನ್ನುವ ಜಗಳ ಈ ಕವಲಿನೊಳಗೆ ತಣ್ಣಗಾಗಿಲ್ಲ. 2006ರಿಂದ 2023ರ ತನಕ ನಡೆದ ಕೊಹೆನೆತ್ ಸಂಸ್ಥೆ ಹೆಣ್ಣು ಪುರೋಹಿತರನ್ನು ತಯಾರು ಮಾಡುತ್ತ ಆ ಕಡೆಗೆ ಬಾಗಿಲು ತೆರೆಯಿತು, ಹಲವರು ವಿಗ್ರಹಾರಾಧನೆ ಅಂದರು. ಪ್ರಶ್ನೆ ಮಾತ್ರ ಹಳೆಯದು. ಬಲಿಪೀಠದ ಪಕ್ಕ ಪೂಜೆಯ ಮರ ನೆಡಬೇಡ ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲೇ (16:21) ಇದೆ. ಜೆರುಸಲೇಮಿನ ದೇಗುಲದಲ್ಲಿ ಸುಕ್ಕೋತಿನ ಇರುಳೆಲ್ಲ ಕುಣಿದು, ಬೆಳಗಿಗೆ ಶಿಲೋಆಖ್ ಒರತೆಯಿಂದ ನೀರು ತರುವಾಗ ಪುರೋಹಿತರು ಪೂರ್ವದ ಬಾಗಿಲಲ್ಲಿ ನಿಂತು ಪಶ್ಚಿಮಕ್ಕೆ ತಿರುಗಿ, ನಮ್ಮ ಹಿರಿಯರು ಇಲ್ಲೇ ಸೂರ್ಯನಿಗೆ ಅಡ್ಡಬಿದ್ದರು, ನಮ್ಮ ಕಣ್ಣು ಮಾತ್ರ ದೇವರ ಕಡೆಗೆ ಅನ್ನುತ್ತಿದ್ದರಂತೆ, ಮಿಶ್ನಾದಲ್ಲಿದೆ. ನನಗೆ ಈ ಗೆರೆ ಇರುವುದೇ ಇಷ್ಟ. ಕಾಡಿನಲ್ಲಿ ಹಬ್ಬ ಮಾಡುವ ಧೈರ್ಯ ಬರುವುದೇ ಗೆರೆ ಎಲ್ಲಿದೆ ಅಂತ ಗೊತ್ತಿರುವಾಗ. ಇನ್ನೊಂದು ಆಕ್ಷೇಪವಂತೂ ಸರಿಯೇ: ಅಮೆರಿಕದ ಮೂಲನಿವಾಸಿಗಳ ಬೆವರುಗುಡಿಸಲು, ಸೊಪ್ಪಿನ ಹೊಗೆ ಇವನ್ನೆಲ್ಲ ಎತ್ತಿಕೊಂಡು ಹೀಬ್ರೂ ಹೆಸರಿಡುವುದು ಸೋಮಾರಿತನ. ಮೂಸುವುದಕ್ಕೆ ಸ್ವಂತ ಸ್ತುತಿಗಳೇ ಇವೆ, ಮರದ್ದಕ್ಕೊಂದು, ಸೊಪ್ಪಿನದ್ದಕ್ಕೊಂದು.

ಮುಂದಿನ ಶ್ಮಿತಾ, ಏಳನೇ ವರ್ಷ ನೆಲವನ್ನು ಬೀಳು ಬಿಡುವುದು, ಯಹೂದಿ ಪಂಚಾಂಗದ 5789ನೇ ವರ್ಷ. ಅದು 2028ರ ಸೆಪ್ಟೆಂಬರ್ 20ರ ಸಂಜೆ ಹಿಡಿಯುತ್ತದೆ. ಕಾನೂನಾಗಿ ಅನ್ವಯಿಸುವುದು ಇಸ್ರೇಲ್ ನೆಲಕ್ಕೆ ಮಾತ್ರ. ಅಲ್ಲಿ ಆ ವರ್ಷ ಬಿತ್ತುವಂತಿಲ್ಲ, ಸವರುವಂತಿಲ್ಲ, ಬೆಳೆದದ್ದು ಯಾರು ಬಂದರೂ ತಿನ್ನಬಹುದು, ಆ ಹಣ್ಣಿನ ಸಿಪ್ಪೆಯನ್ನೂ ಕಸದ ಬುಟ್ಟಿಗೆ ಎಸೆಯದೆ ಬೇರೆ ಡಬ್ಬದಲ್ಲಿ ಕೊಳೆಯುವ ತನಕ ಇಡುತ್ತಾರೆ. ಬೇರೆ ದೇಶದವರು ಇಷ್ಟಪಟ್ಟು ಹಿತ್ತಲಿನ ಒಂದು ಪಾತಿಯನ್ನಾದರೂ ಆ ವರ್ಷ ಅಗೆಯದೆ ಬಿಡುತ್ತಾರೆ. ಹಾಗೆ ಬಿಡುವವರು ಹಿಂದಿನ ವರ್ಷವೇ ದಪ್ಪಗೆ ಎಲೆ ಹೊದಿಸಿಟ್ಟರೆ ಕಳೆ ಅಷ್ಟು ಏಳುವುದಿಲ್ಲ. ಇಸ್ರೇಲಿನಲ್ಲಿ ಹಣ್ಣಿನ ಸಸಿ ನೆಡುವ ಯೋಚನೆ ಇದ್ದವರಿಗೆ ಮತ್ತದೇ 44 ದಿನದ ಲೆಕ್ಕ, 2028ರ ಆಗಸ್ಟ್ ಮೊದಲ ವಾರದೊಳಗೆ ಗುಂಡಿ ಮುಚ್ಚಿರಬೇಕು.